ಬೇವಿನಮ್ಮನ ಚೀಟಿಗಳನ್ನು ಯಾರು ಓದಬೇಕು?

ಅಂದು ಆಷಾಢದ ಎರಡನೇ ಶುಕ್ರವಾರ. ಹಿಂದಿನ ದಿನದಿಂದ ಬೀಸುತ್ತಿದ್ದ ಗಾಳಿ ಬೆಳಗಾದರೂ ನಿಂತಿರಲಿಲ್ಲ. ಅದರ ಜೊತೆಗೆ ಮುಖಕ್ಕೆ ಹಿಟ್ಟು ಜರಡಿ ಹಿಡಿದಂಥ ತುಂತುರು. ವಸಂತಪುರದ ಹಳೇ ಊರಿನ ಬೀದಿಯಲ್ಲಿ ಹಾಕಿದ ರಂಗೋಲಿ ಹಾಕಿದ ಹಾಗೇ ಕರಗಿ ಹೋಗುತ್ತಿತ್ತು. ಆದರೂ ಹೆಂಗಸರು ಹಾಕುವುದನ್ನು ಬಿಟ್ಟಿರಲಿಲ್ಲ. ಅಮ್ಮನ ದಿನವಲ್ಲವೇ.

ಬೇವಿನಮ್ಮನ ಗುಡಿ ದೊಡ್ಡದೇನಲ್ಲ. ಒಂದು ಗರ್ಭಗುಡಿ, ಮುಂದೆ ಇಪ್ಪತ್ತು ಜನ ನಿಲ್ಲುವಷ್ಟು ಜಾಗ, ಪಕ್ಕದಲ್ಲಿ ಒಂದು ಬೇವಿನ ಮರ. ಸುತ್ತ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳು ಎದ್ದ ಮೇಲೆ ಗುಡಿ ಇನ್ನಷ್ಟು ಕುಳ್ಳಗೆ ಕಾಣುತ್ತದೆ. ಆದರೆ ಅಲ್ಲಿ ಒಂದು ಪದ್ಧತಿ ಇದೆ. ಬೇಡಿಕೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಚೀಟಿಯಲ್ಲಿ ಬರೆದು, ನಾಲ್ಕು ಮಡಿಕೆ ಮಡಿಸಿ, ಪೂಜಾರಿಯ ತಟ್ಟೆಗೆ ಹಾಕುತ್ತಾರೆ. ಪೂಜಾರಿ ಗರ್ಭಗುಡಿಯ ಪರದೆ ಎಳೆದುಕೊಂಡು, ಆ ಚೀಟಿಯನ್ನು ಅಮ್ಮನ ಕಿವಿಯ ಹತ್ತಿರ ಮೆಲ್ಲಗೆ ಓದಿ, ಅಲ್ಲೇ ಕರ್ಪೂರದ ಉರಿಗೆ ಹಿಡಿಯುತ್ತಾನೆ. ಬೂದಿ ಬೇವಿನ ಬುಡಕ್ಕೆ. ಓದಿದ ಚೀಟಿ ಉಳಿಯಬಾರದು, ಅದು ಅಲ್ಲಿನ ಕಟ್ಟಳೆ. ಎಷ್ಟು ತಾಯಂದಿರ ಸಂಕಟ ಆ ಮರದ ಬೇರಿಗೆ ಇಳಿದಿದೆಯೋ ಅಮ್ಮನಿಗೇ ಗೊತ್ತು.

ಕೊರೊನಾ ಬಂದು ಗುಡಿ ಬಾಗಿಲು ಹಾಕಿದ ದಿನಗಳಲ್ಲಿ ಜನ ಚೀಟಿ ಕೊಡಲಾಗದೆ ಒದ್ದಾಡಿದರು. ಆಗ ಗುಡಿಯ ಧರ್ಮದರ್ಶಿ ರಾಮಯ್ಯನವರ ಮಗ ಮನೋಜ್ ಒಂದು ಉಪಾಯ ಮಾಡಿದ. ಅವನದು ಉತ್ತರಹಳ್ಳಿ ರಸ್ತೆಯಲ್ಲಿ ಜೆರಾಕ್ಸ್, ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ. ಯೂಟ್ಯೂಬ್ ನೋಡಿ ನೋಡಿ, ತಾನೇ ಒಂದು ವೆಬ್ ಆ್ಯಪ್ ಕಟ್ಟಿದ. ಅದರಲ್ಲಿ ಎರಡು ಪುಟ. ಒಂದು, ಭಕ್ತರು ಹೆಸರು, ಬೀದಿ, ಫೋನ್ ನಂಬರ್ ಹಾಕಿ ಚೀಟಿ ಬರೆಯುವ ಪುಟ. ಇನ್ನೊಂದು, ಬಂದ ಚೀಟಿಗಳನ್ನೆಲ್ಲ ಪೂಜಾರಿ ನಿಂಗರಾಜ ಫೋನಿನಲ್ಲಿ ಓದುವ ಪುಟ.

"ಓದೋ ಪುಟದ ವಿಳಾಸ ನಿಂಗರಾಜಣ್ಣಂಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ, ಬಿಡಿ" ಅಂದುಕೊಂಡು ಮನೋಜ್ ಅದಕ್ಕೆ ಪಾಸ್‌ವರ್ಡ್ ಇಡಲಿಲ್ಲ. ಫೋನಿಗೆ ಬಂದ ಚೀಟಿಗೆ ಕರ್ಪೂರ ಹಿಡಿಯುವುದು ಹೇಗೆ ಅಂತಲೂ ಯಾರೂ ಯೋಚಿಸಲಿಲ್ಲ. ಗುಡಿ ಮತ್ತೆ ತೆರೆಯಿತು, ಕಾಯಿಲೆ ಹೋಯಿತು, ಪುಟ ಮಾತ್ರ ಉಳಿಯಿತು. ಅಂಜನಾಪುರದಿಂದ, ಜೆ.ಪಿ. ನಗರದಿಂದ, ಬನಶಂಕರಿಯಿಂದ ಚೀಟಿಗಳು ಬರುತ್ತಲೇ ಇದ್ದವು.

ಆ ಶುಕ್ರವಾರ ನಿಂಗರಾಜ ಬೆಳಗಿನ ಪೂಜೆ ಮುಗಿಸಿ ಫೋನ್ ನೋಡಿದ. ಒಂದೇ ವಾರಕ್ಕೆ ನೂರಕ್ಕೂ ಮೇಲೆ ಚೀಟಿ. ಅವನಿಗೆ ಕಣ್ಣು ತುಂಬಿ ಬಂತು. ಆ ಭಕ್ತಿಯ ಭರದಲ್ಲೇ ಬೇವಿನಮ್ಮ ಭಕ್ತ ಮಂಡಳಿಯ ವಾಟ್ಸಾಪ್ ಗುಂಪಿಗೆ ಬರೆದ: "ಅಮ್ಮನ ಮಹಿಮೆ ಎಲ್ಲರೂ ನೋಡಿ." ಕೆಳಗೆ ಓದುವ ಪುಟದ ಲಿಂಕ್ ಹಾಕಿದ.

ಅವನ ಮನಸ್ಸಿನಲ್ಲಿ ಎಳ್ಳಷ್ಟೂ ಕೆಡುಕಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಡೆದದ್ದಕ್ಕೆಲ್ಲ ಕಾರಣ ಕೆಟ್ಟವರಲ್ಲ.

ರಾಮಯ್ಯನವರ ಮನೆ ಗುಡಿಯ ಎದುರಿಗೇ. ಕೆಳಗೆ ಅವರ ಸಂಸಾರ, ಮೇಲೆ ಬಾಡಿಗೆಯವರು. ಹತ್ತು ಗಂಟೆಯ ಹೊತ್ತಿಗೆ ರಾಮಯ್ಯನವರ ಹೆಂಡತಿ ಅಕ್ಕಯಮ್ಮ ಮೆಟ್ಟಿಲ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಪಕ್ಕದ ಮನೆಯ ಕೆಂಪಕ್ಕ ಫೋನ್ ಹಿಡಿದುಕೊಂಡು ಬಂದಳು.

"ಅಕ್ಕಯ್ಯ, ಇಲ್ನೋಡೆ. ಒತ್ತಿದ್ರೆ ಎಲ್ಲರ ಚೀಟೀನೂ ಬರ್ತದೆ!"

"ಹೌದಾ? ಓದು, ಓದು. ನನ್ನ ಕನ್ನಡಕ ಒಳಗಿದೆ."

"'ಮಗನಿಗೆ ಕುಡಿತ ಬಿಡಿಸು ತಾಯಿ.' ಯಾರದು ಹೇಳು? ಹಾಲಿನ ಬೂತಿನವ್ರದ್ದು!"

"ಅವನು ಕುಡಿಯೋದು ಇಡೀ ವಸಂತಪುರಕ್ಕೇ ಗೊತ್ತು. ಅಮ್ಮಂಗೆ ಮಾತ್ರ ಲೇಟಾಗಿ ಗೊತ್ತಾಯ್ತು ಅನ್ನು."

ಇಬ್ಬರೂ ನಕ್ಕರು. ಸೊಪ್ಪು ಅರ್ಧಕ್ಕೇ ನಿಂತಿತು. ಕೆಂಪಕ್ಕ ಓದುತ್ತಾ ಓದುತ್ತಾ ಒಂದು ಕಡೆ ದನಿ ತಗ್ಗಿಸಿದಳು.

"ಅಯ್ಯೋ, ಇದು ನಿಮ್ಮ ಮೇಲಿನ ಮನೆ ರಮ್ಯಂದು ಕಣೆ. 'ತಾಯಿ, ಮೂರು ಸಲ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಇದು ನಾಲ್ಕನೆಯದು. ಎಂಟು ವಾರ. ನನ್ನ ಗಂಡನಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಇದನ್ನಾದರೂ ಉಳಿಸಿಕೊಡು.'"

ಗಾಳಿಗೆ ಸೊಪ್ಪಿನ ಎಲೆಗಳು ಮೆಟ್ಟಿಲ ಕೆಳಗೆ ಹಾರಿದವು. ಅಕ್ಕಯಮ್ಮ ಎತ್ತಿಕೊಳ್ಳಲಿಲ್ಲ.

ಈ ರಮ್ಯ ಯಾರು ಅಂತ ಹೇಳಬೇಕು. ಮೂವತ್ತು ವರ್ಷದ ಹೆಣ್ಣುಮಗಳು. ಗಂಡ ಶಿವಕಿರಣ್ ಎಲೆಕ್ಟ್ರಿಕ್ ಕೆಲಸ ಮಾಡುತ್ತಾನೆ. ಬೀದಿಯ ಹೆಣ್ಣುಮಕ್ಕಳು ಗಾರ್ಮೆಂಟ್ಸಿಗೋ ಆಫೀಸಿಗೋ ಹೋದಾಗ ಅವರ ಪುಟ್ಟ ಮಕ್ಕಳನ್ನು ರಮ್ಯ ತನ್ನ ಮನೆಯಲ್ಲಿ ನೋಡಿಕೊಳ್ಳುತ್ತಿದ್ದಳು. ನಾಲ್ಕು ಮಕ್ಕಳು. ಅದರಲ್ಲಿ ಒಂದು ಮನೋಜನ ಮಗಳು ಚಿನ್ನಿ, ಎರಡು ವರ್ಷದ್ದು. ಅಕ್ಕಯಮ್ಮನಿಗೆ ಮಂಡಿ ನೋವು, ಮಗುವಿನ ಹಿಂದೆ ಓಡಲಾಗುತ್ತಿರಲಿಲ್ಲ. ಸ್ವಂತ ಮಗು ಮೂರು ಸಲ ಕೈ ತಪ್ಪಿದ ರಮ್ಯಳಿಗೆ ಈ ನಾಲ್ಕು ಮಕ್ಕಳ ಗಲಾಟೆಯೇ ಮನೆಯ ದೀಪ. ಮೂರು ತಿಂಗಳು ತುಂಬುವವರೆಗೆ ಬಸುರಿನ ಸುದ್ದಿ ಹೊರಗೆ ಹೇಳಬಾರದು ಅನ್ನುವುದು ನಮ್ಮ ಕಡೆ ನಡೆದು ಬಂದ ಪದ್ಧತಿ. ಅದಕ್ಕೇ ಅವಳು ಗಂಡನನ್ನು ಬಿಟ್ಟರೆ ಅಮ್ಮನಿಗೆ ಮಾತ್ರ ಹೇಳಿದ್ದಳು.

ಮಧ್ಯಾಹ್ನದೊಳಗೆ ಬೀದಿಗೆ ಗೊತ್ತಾಯಿತು. ಸಂಜೆ ಶ್ರೀನಗರದಿಂದ ಅತ್ತೆಯ ಫೋನು. "ನನಗಿಂತ ಮುಂಚೆ ಊರಿಗೆಲ್ಲ ಹೇಳ್ಕೊಂಡು ಬಂದಿದ್ದೀಯಲ್ಲಮ್ಮ, ನಾನು ನಿನಗೆ ಯಾರೋ ಆಗ್ಬಿಟ್ನಾ?" ಅಂತ ಆ ತಾಯಿ ಅತ್ತರು. ರಮ್ಯಳಿಗೆ ಏನಾಗಿದೆ ಅಂತಲೇ ತಿಳಿಯಲಿಲ್ಲ.

ಒಂದು ಮಗುವಿನ ತಾಯಿ ಬಂದು, "ನಿಮಗೆ ರೆಸ್ಟ್ ಬೇಕಲ್ವಾ ಅಕ್ಕ, ಪಾಪುನ ನಮ್ಮಮ್ಮನ ಮನೆಗೆ ಬಿಡ್ತೀನಿ" ಅಂದಳು. ಇನ್ನೊಬ್ಬಳು ಕಾರಣವನ್ನೇ ಹೇಳಲಿಲ್ಲ, ಮಗುವಿನ ಚೀಲ ತೆಗೆದುಕೊಂಡು ಹೋದಳು. ಅವಳು ಮೆಟ್ಟಿಲಿಳಿಯುವಾಗ ಫೋನಿನಲ್ಲಿ ಅಂದ ಮಾತು ರಮ್ಯಳ ಕಿವಿಗೆ ಬಿತ್ತು: "ಮೂರು ಹೋಗಿರೋ ಮನೆ ಕಣೆ. ಕೆಟ್ಟ ಕಣ್ಣು ಅಂತಲ್ಲ, ಆದ್ರೂ..." ಕೊನೆಗೆ ಅಕ್ಕಯಮ್ಮ ಬಂದು ಚಿನ್ನಿಯನ್ನು ಎತ್ತಿಕೊಂಡರು. "ಸ್ವಲ್ಪ ದಿನ ಕೆಳಗೇ ಇರ್ಲಿ ಬಿಡಮ್ಮ" ಅಂದರು. ಮುಖ ನೋಡಲಿಲ್ಲ. ಚಿನ್ನಿ ಅಜ್ಜಿಯ ಹೆಗಲ ಮೇಲಿಂದ ರಮ್ಯಳ ಕಡೆ ಕೈ ಚಾಚಿ ಅಳುತ್ತಾ ಹೋಯಿತು.

ಅಷ್ಟರಲ್ಲಿ ಗೊತ್ತಿಲ್ಲದ ನಂಬರಿನಿಂದ ಒಂದು ಕರೆ.

"ರಮ್ಯ ಅವರಾ? ಎಂಟನೇ ವಾರ ಅಲ್ವಾಮ್ಮ? ಈ ಸಲಾನೂ ದೋಷ ಕಾಣ್ತಾ ಇದೆ. ಸಂತಾನ ಹೋಮ ಮಾಡಿಸ್ದೇ ಹೋದ್ರೆ ಉಳಿಯಲ್ಲ. ನಂಬರ್ ಕಳಿಸ್ತೀನಿ, ಈಗ್ಲೇ ದುಡ್ಡು ಹಾಕ್ಬಿಡಿ."

ಅಮ್ಮನಿಗೆ ಮಾತ್ರ ಬರೆದಿದ್ದ ವಾರದ ಲೆಕ್ಕ ಅಪರಿಚಿತ ಗಂಡಸಿನ ಬಾಯಲ್ಲಿ ಬಂದಾಗ ರಮ್ಯ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಇವನು ದೈವಜ್ಞನೇ ಇರಬೇಕು ಅನ್ನಿಸಿತು. ಫೋನಿನಲ್ಲಿ ದುಡ್ಡು ಕಳಿಸುವ ಬಟನ್ ಮೇಲೆ ಬೆರಳಿಟ್ಟಿದ್ದಳು. ಆಗ ಬಾಗಿಲಲ್ಲಿ ಶಾಂತಲಾ ಬಂದು ನಿಂತಳು.

ಶಾಂತಲಾ ನಾಲ್ಕನೇ ಮಗು ಸುಮನ್‌ನ ತಾಯಿ. ಬನಶಂಕರಿಯಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಾಳೆ. ರಮ್ಯಳ ಮುಖ ನೋಡಿ ಫೋನ್ ಕಿತ್ತುಕೊಂಡಳು. "ಕಳಿಸ್ಬೇಡ. ಇದು ಜ್ಯೋತಿಷ್ಯನೂ ಅಲ್ಲ, ಮಣ್ಣೂ ಅಲ್ಲ. ನೀನು ಬರೆದಿದ್ದನ್ನೇ ಓದಿ ನಿನಗೆ ಹೇಳ್ತಿದ್ದಾನೆ, ಅಷ್ಟೆ." ಅವಳು ಲಿಂಕ್ ತೋರಿಸಿದಳು.

ರಮ್ಯ ತನ್ನ ಚೀಟಿಯನ್ನು ತಾನೇ ಓದಿದಳು. ಫೋನನ್ನು ಕೆಳಗಿಟ್ಟು, "ನಾನು ಕನಕಪುರಕ್ಕೆ ಹೋಗ್ಬಿಡ್ತೀನಿ ಶಾಂತಲಾ. ನಮ್ಮಮ್ಮನ ಮನೆಗೆ. ಮಕ್ಕಳೇ ಬರಲ್ಲ ಅಂದ್ಮೇಲೆ ಈ ಮನೇಲಿ ಏನ್ ಮಾಡ್ಲಿ?" ಅಂದಳು.

"ಸೋಮವಾರದವರೆಗೆ ತಾಳು. ನನ್ನ ಮಗ ನಾಳೇನೂ ಬರ್ತಾನೆ" ಅಂದಳು ಶಾಂತಲಾ.

ಶನಿವಾರ ಬೆಳಗ್ಗೆ ಇಬ್ಬರೂ ರಾಮಯ್ಯನವರ ಮುಂದೆ ಕೂತರು. ರಾಮಯ್ಯನವರು ಒಂದು ಕಾಲಕ್ಕೆ ಈ ಸುತ್ತಿನಲ್ಲಿ ರಾಗಿ ಬೆಳೆದವರು. ಈಗ ಅದೇ ನೆಲದಲ್ಲಿ ಮನೆಗಳಿವೆ. ಮಾತು ಕಡಿಮೆ, ಹಟ ಜಾಸ್ತಿ. ಮನೋಜನೂ ಪಕ್ಕದಲ್ಲಿದ್ದ.

"ಅಮ್ಮನ ಮುಂದೆ ನಾವೆಲ್ಲ ಮಕ್ಕಳು" ಅಂದರು ರಾಮಯ್ಯ. "ಮಕ್ಕಳ ಮಧ್ಯೆ ಗುಟ್ಟೇನಮ್ಮ? ಬಸುರಿ ಅಂತ ಗೊತ್ತಾದ್ರೆ ನಾಲ್ಕು ಜನ ಒಳ್ಳೇದಾಗ್ಲಿ ಅಂತಾರೆ."

"ಅಂಕಲ್, ನಾನು ಹೇಳಿದ್ದು ಅಮ್ಮನಿಗೆ" ಅಂದಳು ರಮ್ಯ. "ಕೆಂಪಕ್ಕನಿಗಲ್ಲ."

ರಾಮಯ್ಯ ಕೆಮ್ಮಿದರು. ಮನೋಜ್ ನಡುವೆ ಬಾಯಿ ಹಾಕಿದ. "ಗ್ರೂಪಿಂದ ಲಿಂಕ್ ಡಿಲೀಟ್ ಮಾಡ್ಸಿದೀನಿ ಅಕ್ಕ. ಮುಗೀತಲ್ಲ?"

ಶಾಂತಲಾ ತನ್ನ ಫೋನಿನಲ್ಲಿ ಅದೇ ಪುಟ ತೆರೆದು ಅವನ ಮುಂದೆ ಹಿಡಿದಳು. "ವಿಳಾಸ ತಿಳಿದವರಿಗೆ ಇನ್ನೂ ತೆಗೆದೇ ಇದೆ."

"ಒಂದು ಪಾಸ್‌ವರ್ಡ್ ಹಾಕಿದ್ರಾಯ್ತು ಬಿಡಿ. ಐದ್ ನಿಮಿಷ." ಮನೋಜ್ ಲ್ಯಾಪ್‌ಟಾಪ್ ತಂದು ಟಕಟಕ ಒತ್ತಿದ. ಪುಟದ ಮೇಲೆ ಒಂದು ಡಬ್ಬಿ ಬಂತು, ಪಾಸ್‌ವರ್ಡ್ ಕೇಳಿತು. "ಸಖತ್ತಾಗಿದೆ ಅಲ್ವಾ?"

ಶಾಂತಲಾ 'bevinamma' ಅಂತ ಒತ್ತಿದಳು. ಪುಟ ತೆರೆಯಿತು.

"ಅಯ್ಯೋ! ಹೆಂಗ್ ಗೊತ್ತಾಯ್ತು?"

"ಗುಡಿ ಬೋರ್ಡ್ ಮೇಲೆ ಬರ್ದಿದೆಯಲ್ಲ ಮನೋಜ್, ಅರಿಶಿನ ಬಣ್ಣದಲ್ಲಿ."

ರಮ್ಯ ಕೂಡ ನಕ್ಕಳು. ಎರಡು ದಿನದಲ್ಲಿ ಮೊದಲ ಸಲ.

"ಇನ್ನೊಂದು ನೋಡು" ಅಂದಳು ಶಾಂತಲಾ. "ನೀನು ಹಾಕಿರೋ ಡಬ್ಬಿ ಪುಟದ ಮೇಲೆ ಹೊದಿಸಿರೋ ಬಟ್ಟೆ ಇದ್ದ ಹಾಗೆ. ಚೀಟಿಗಳನ್ನ ಇಟ್ಕೊಂಡಿರೋ ಕಂಪ್ಯೂಟರ್, ಅಂದ್ರೆ ಸರ್ವರ್, ಅವನ್ನೆಲ್ಲ ಫೋನಿಗೆ ಮೊದಲೇ ಕಳಿಸಿಬಿಟ್ಟಿದೆ. ಪಾಸ್‌ವರ್ಡ್ ಕೇಳೋದು ಆಮೇಲೆ." ಅವಳು ವಿಳಾಸದ ಕೊನೆಯಲ್ಲಿ ಒಂದು ಪದ ಬದಲಿಸಿದಳು. ಡಬ್ಬಿಯೂ ಬರಲಿಲ್ಲ, ಏನೂ ಕೇಳಲಿಲ್ಲ. ಚೀಟಿಗಳ ಪಟ್ಟಿ ಬೆತ್ತಲೆಯಾಗಿ ಬಂದು ನಿಂತಿತು.

ರಾಮಯ್ಯನವರಿಗೆ ಸಿಟ್ಟು ಬಂತು. "ಏನಮ್ಮ ಇದು? ದೇವಿ ಬಾಗಿಲಿಗೆ ಬೀಗದ ಮೇಲೆ ಬೀಗ ಜಡೀರಿ ಅಂತೀಯಾ? ಈ ಗುಡಿ ಎಲ್ಲರಿಗೂ ತೆಗೆದಿರೋದು."

ಶಾಂತಲಾ ಬಾಗಿಲಾಚೆಯ ಬೇವಿನ ಮರದ ಕಡೆ ಕೈ ತೋರಿಸಿದಳು.

"ಸಾರ್, ನಮ್ಮ ತಾತ ಸಂಜೀವಯ್ಯ ಆ ಮರದ ಆಚೆ ನಿಂತು ಕೈ ಮುಗೀತಿದ್ರಂತೆ. ಒಳಗೆ ಬಿಡ್ತಿರಲಿಲ್ಲ. ಮುಂದೆ ನೀವೇ ಬಾಗಿಲು ತೆಗೆಸಿದ್ರಿ ಅಂತ ಅಪ್ಪ ಹೇಳ್ತಾರೆ. ಅಷ್ಟೊತ್ತಿಗೆ ನಾವು ಬುದ್ಧ ವಿಹಾರಕ್ಕೆ ಹೋಗೋರಾಗಿದ್ವಿ, ಅದು ಬೇರೆ ಮಾತು. ಬಾಗಿಲು ಮುಚ್ಚೋದು ಅಂದ್ರೇನು ಅಂತ ನಮ್ಮನೆಯವರಿಗೆ ಚೆನ್ನಾಗಿ ಗೊತ್ತು. ನಾನು ಅದನ್ನ ಕೇಳ್ತಿಲ್ಲ. ಚೀಟಿ ಬರೆಯೋ ಪುಟ ಎಲ್ಲರಿಗೂ ತೆಗೆದಿರ್ಲಿ. ಯಾರಾದ್ರೂ ಬರೀಲಿ. ಅದಕ್ಕೆ ಪಾಸ್‌ವರ್ಡ್ ಬೇಡ. ಓದೋ ಪುಟಕ್ಕೆ ಮಾತ್ರ ಬೇಕು. ನಿಂಗರಾಜಣ್ಣ ಗರ್ಭಗುಡಿಯಲ್ಲಿ ಪರದೆ ಎಳ್ಕೊಂಡು ಓದ್ತಾರಲ್ಲ, ಅದು ಜನರನ್ನ ಹೊರಗಿಡೋಕಾ ಸಾರ್? ಬರೆದವರ ಮಾನ ಕಾಯೋಕೆ ಅಲ್ವಾ?"

ರಾಮಯ್ಯ ಒಪ್ಪಿಕೊಳ್ಳಲಿಲ್ಲ.

ಶಾಂತಲಾ ಮನೋಜನಿಗೆ ತಪ್ಪು ಎಲ್ಲಿದೆ ಅಂತ ತೋರಿಸಲು ಪಟ್ಟಿಯನ್ನು ಸರಿಸುತ್ತಾ ಹೋದಳು. ಒಂದು ಹೆಸರು ಬಂದೊಡನೆ ಬೆರಳು ನಿಂತಿತು. ತಟ್ಟನೆ ಫೋನನ್ನು ಮಗುಚಿ ಚಾಪೆಯ ಮೇಲೆ ಇಟ್ಟಳು.

"ಸಾರ್, ಇಲ್ಲಿ ನಿಮ್ಮ ಹೆಸರಿದೆ. ನಾನು ಓದಿಲ್ಲ."

ರಾಮಯ್ಯನವರ ಮುಖ ಬಿಳಿಚಿಕೊಂಡಿತು. ಎರಡು ತಿಂಗಳ ಹಿಂದೆ ನಿಂಗರಾಜನ ಕೈಯಲ್ಲಿ ಅವರೇ ಬರೆಸಿದ್ದ ಚೀಟಿ ಅದು: 'ತಾಯಿ, ಹೆಸರುಗಳು ಮರೆತು ಹೋಗುತ್ತಿವೆ. ಮೊನ್ನೆ ಗುಡಿಯಿಂದ ಮನೆಗೆ ಬರುವ ದಾರಿ ತಿಳಿಯಲಿಲ್ಲ. ಮನೆಯವರಿಗೆ ಗೊತ್ತಾಗುವ ಮೊದಲು ವಾಸಿ ಮಾಡು.' ರಸ್ತೆ ದಾಟಿದರೆ ಸಿಗುವ ಮನೆಯ ದಾರಿ ಮರೆತ ಮನುಷ್ಯ, ಆ ಸಂಗತಿಯನ್ನು ಕಲ್ಲಿನ ತಾಯಿಗೂ ಅವಳ ಪೂಜಾರಿಗೂ ಬಿಟ್ಟು ಯಾರಿಗೂ ಹೇಳಲಾಗದೆ ಇದ್ದ. ಲಿಂಕ್ ಹೋಗಿದ್ದ ವಾಟ್ಸಾಪ್ ಗುಂಪಿನಲ್ಲಿ ಮುನ್ನೂರು ಜನರಿದ್ದರು.

ಅವರು ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿ ಅಕ್ಕಯಮ್ಮ ಒಲೆಯ ಕಡೆ ಮುಖ ಮಾಡಿ ನಿಂತಿದ್ದರು. ಚಿನ್ನಿ ನೆಲದ ಮೇಲೆ ಪಾತ್ರೆ ಬಡಿಯುತ್ತಿತ್ತು.

"ನಾನು ನಿನ್ನೇನೇ ಓದ್ದೆ" ಅಂದರು ಅಕ್ಕಯಮ್ಮ, ತಿರುಗದೆ. "ಕೆಂಪಕ್ಕ ಹೋದ್ಮೇಲೆ ಒಬ್ಳೇ ಕೂತು ಎಲ್ಲಾನೂ ಓದ್ದೆ. ನಿಮ್ಮದೂ ಬಂತು."

"ಯಾರಿಗಾದ್ರೂ ಹೇಳಿದ್ಯಾ?"

"ಹೆಂಗ್ ಹೇಳ್ಲಿ? ಎದೆ ಒಡೆದು ಹೋಯ್ತು. ರಾತ್ರಿಯೆಲ್ಲ ನಿಮ್ಮನ್ನೇ ನೋಡ್ಕೊಂಡು ಮಲಗಿದ್ದೆ." ಸೆರಗಿನಿಂದ ಕಣ್ಣೊರೆಸಿಕೊಂಡರು. "ಆ ಹುಡುಗಿದು ಓದಿ ಮಾತ್ರ ನಾಲ್ಕು ಮನೆಗೆ ಹೇಳ್ಕೊಂಡು ಬಂದೆ."

ರಾಮಯ್ಯ ಗೋಡೆಗೆ ಒರಗಿ ನಿಂತರು. ಹೊರಗೆ ಬಂದು ಹೇಳಿದ್ದು ಒಂದೇ ಮಾತು: "ಏನು ಮಾಡಬೇಕೋ ಮಾಡಮ್ಮ. ಮನೋಜಂಗೆ ಸರಿಯಾಗಿ ಹೇಳಿಕೊಡು."

ಮೊದಲು ಆ ಓದುವ ಪುಟವನ್ನು ಪೂರ್ತಿ ನಿಲ್ಲಿಸಿದರು. ಭಾನುವಾರ ಮನೋಜನ ಅಂಗಡಿಯ ಷಟರ್ ಅರ್ಧ ಇಳಿಸಿಕೊಂಡು ಶಾಂತಲಾ, ಮನೋಜ್, ನಿಂಗರಾಜ ಮೂವರೂ ಕೂತರು. ರಾಮಯ್ಯನವರೂ ಒಂದು ಸ್ಟೂಲ್ ಎಳೆದುಕೊಂಡರು. ಅಲ್ಲಿ ನಡೆದ ಮಾತನ್ನು ನೀವೂ ಕೇಳಬೇಕು, ಅದಕ್ಕೇ ಈ ಕಥೆ.

"ಕಾವಲು ಇರಬೇಕಾದ್ದು ಪುಟದ ಮೇಲಲ್ಲ, ಸರ್ವರಿನಲ್ಲಿ" ಅಂದಳು ಶಾಂತಲಾ. "ಯಾರೇ ಓದೋ ಪುಟ ಕೇಳ್ಲಿ, ಸರ್ವರ್ ಮೊದಲು 'ನೀನು ಯಾರು, ನಿನ್ನ ಪಾಸ್‌ವರ್ಡ್ ಏನು' ಅಂತ ಕೇಳ್ಬೇಕು. ಉತ್ತರ ಸರಿ ಇಲ್ದಿದ್ರೆ ಒಂದಕ್ಷರಾನೂ ಕೊಡಬಾರದು. ಇದಕ್ಕೆ ಬೇಸಿಕ್ ಲಾಗಿನ್ ಅಂತಾರೆ. ಇದ್ದಿದ್ರಲ್ಲಿ ಸರಳವಾದದ್ದು. ಹೆಸರು, ಪಾಸ್‌ವರ್ಡ್ ಕೇಳೋ ಸಣ್ಣ ಕಿಟಕಿಯನ್ನ ಬ್ರೌಸರೇ ತೋರಿಸುತ್ತೆ. ನಮ್ಮಂಥ ಮೂರ್ನಾಲ್ಕು ಜನ ಬಳಸೋ ಆ್ಯಪಿಗೆ ಇಷ್ಟು ಸಾಕು."

"ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇಡ್ಲಾ?" ಕೇಳಿದ ಮನೋಜ್.

"ಬೇಡ. ನಿಂಗರಾಜಣ್ಣಂಗೆ ಒಂದು, ಅವರು ಊರಲ್ಲಿ ಇಲ್ದಾಗ ಓದೋರಿಗೆ ಒಂದು. ಹಂಗಿದ್ರೆ ಯಾರು ಯಾವಾಗ ತೆಗೆದ್ರು ಅಂತ ಗೊತ್ತಾಗುತ್ತೆ. ಒಬ್ಬರು ಬಿಟ್ಟು ಹೋದ್ರೆ ಅವರ ಹೆಸರು ಮಾತ್ರ ತೆಗೀಬಹುದು."

"ನಾನು ದೇವಿ ಹೆಸರನ್ನೇ ಇಟ್ಕೊಳ್ತೀನಮ್ಮ, ಮರೆಯಲ್ಲ" ಅಂದ ನಿಂಗರಾಜ.

"ಅಣ್ಣ, ಅದನ್ನೇ ಕಳ್ಳನೂ ಮೊದಲು ಒತ್ತೋದು. ಒಂದಕ್ಕೊಂದು ಸಂಬಂಧ ಇಲ್ದಿರೋ ನಾಲ್ಕೈದು ಪದ ಸೇರಿಸಿ, ಉದ್ದಕ್ಕಿರ್ಲಿ."

ನಿಂಗರಾಜ ತಲೆ ಕೆರೆದುಕೊಂಡು ಯೋಚಿಸಿ ಜೋರಾಗಿ ಹೇಳಲು ಹೊರಟ. ಮೂವರೂ ಒಟ್ಟಿಗೆ "ಶ್!" ಅಂದರು.

ಮನೋಜ್ ಆ ಪಾಸ್‌ವರ್ಡನ್ನು ಕೋಡಿನ ಒಳಗೇ ಬರೆಯಲು ಹೋದಾಗ ಶಾಂತಲಾ ಕೈ ತಡೆದಳು. "ಇದ್ದಂಗೇ ಎಲ್ಲೂ ಬರೆದಿಡಬಾರದು. ರಾಗಿ ಬೀಸಿದಂಗೆ ಬೀಸಿ ಇಡೋ ವಿಧಾನ ಇದೆ, ಹ್ಯಾಷ್ ಅಂತಾರೆ. ನಿಂಗರಾಜಣ್ಣ ಪಾಸ್‌ವರ್ಡ್ ಹಾಕಿದಾಗ ಅದನ್ನೂ ಹಂಗೇ ಬೀಸಿ, ಹಿಟ್ಟಿಗೆ ಹಿಟ್ಟು ಹೊಂದುತ್ತಾ ಅಂತ ಸರ್ವರ್ ನೋಡುತ್ತೆ. ಕಳ್ಳ ಹಿಟ್ಟನ್ನ ಕದ್ರೂ ಅದನ್ನ ಮತ್ತೆ ಕಾಳು ಮಾಡೋಕಾಗಲ್ಲ."

"ಅದು ಸರಿ" ಅಂದರು ರಾಮಯ್ಯ. ಬೆಳಗಿನಿಂದ ಅವರಿಗೆ ಪೂರ್ತಿ ಅರ್ಥವಾದ ಮೊದಲ ಮಾತು ಅದು.

"ಇನ್ನೊಂದು ದೊಡ್ಡ ವಿಷಯ. ಬೇಸಿಕ್ ಲಾಗಿನ್ನಿನಲ್ಲಿ ಪಾಸ್‌ವರ್ಡ್ ಪ್ರತಿ ಸಲಾನೂ ಫೋನಿಂದ ಸರ್ವರಿಗೆ ಹೋಗ್ತಿರುತ್ತೆ. ವಿಳಾಸ ಬರೀ http ಅಂತ ಇದ್ರೆ ಅದು ಪೋಸ್ಟ್ ಕಾರ್ಡಲ್ಲಿ ಬರೆದು ಕಳಿಸಿದಂಗೆ, ದಾರೀಲಿ ಯಾರು ಬೇಕಾದ್ರೂ ಓದಬಹುದು. https ಇದ್ರೆ ಅಂಟಿಸಿದ ಕವರಲ್ಲಿ ಹಾಕಿದಂಗೆ. ಕವರಿಲ್ದೆ ಈ ಲಾಗಿನ್ ಹಾಕಿದ್ದೂ ಒಂದೇ, ಹಾಕದೇ ಇದ್ದದ್ದೂ ಒಂದೇ."

ಮನೋಜ್ ಅದನ್ನೂ ಮಾಡಿದ. ಪುಟಕ್ಕೆ ಮಾತ್ರವಲ್ಲ, ಹಿಂದಿನಿಂದ ಪಟ್ಟಿ ಕೊಡುವ ವಿಳಾಸಕ್ಕೂ ಅದೇ ಕಾವಲು ಹಾಕಿದ. ಸುಮ್ಮಸುಮ್ಮನೆ ಪಾಸ್‌ವರ್ಡ್ ಊಹಿಸುತ್ತಾ ಕೂರುವವರನ್ನು ಕೆಲವು ಸಲದ ಮೇಲೆ ತಡೆಯುವಂತೆ ಮಾಡಿದ. ಆಮೇಲೆ ಶಾಂತಲಾ ಲಾಗಿನ್ ಆಗದ ಬೇರೆ ಫೋನ್ ತೆಗೆದುಕೊಂಡು ಎಲ್ಲ ವಿಳಾಸಗಳನ್ನೂ ಒಂದೊಂದಾಗಿ ಒತ್ತಿ ನೋಡಿದಳು. ಎಲ್ಲ ಕಡೆಯೂ ಸಣ್ಣ ಕಿಟಕಿ ಬಂದು ಹೆಸರು ಕೇಳಿತು. ಸುಳ್ಳು ಪಾಸ್‌ವರ್ಡ್ ಹಾಕಿದಳು. ಅನುಮತಿ ಇಲ್ಲ ಅಂದಿತು.

"ನಿಂಗರಾಜಣ್ಣ, ಓದಿ ಮುಗಿದ ಮೇಲೆ ಬ್ರೌಸರ್ ಪೂರ್ತಿ ಮುಚ್ಚಿ. ಇಲ್ಲಾಂದ್ರೆ ಅದು ನಿಮ್ಮನ್ನ ನೆನಪಿಟ್ಕೊಂಡಿರುತ್ತೆ, ಫೋನ್ ಹಿಡಿದವರಿಗೆಲ್ಲ ಪುಟ ತೆಗೆಯುತ್ತೆ."

ಕೊನೆಗೆ ಕೇಳಿದ್ದು ರಾಮಯ್ಯ. "ಹಳೇ ಚೀಟಿಗಳು?"

ಓದಿದ ಚೀಟಿ ಉಳಿಯಬಾರದು ಅನ್ನುವ ಕಟ್ಟಳೆ ಆಗ ಎಲ್ಲರಿಗೂ ನೆನಪಾಯಿತು. ಮನೋಜ್ ಒಂದು ಬಟನ್ ಸೇರಿಸಿದ. ಪೂಜಾರಿ ಓದಿ ಅದನ್ನು ಒತ್ತಿದರೆ ಚೀಟಿ ಅಳಿಸಿಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಅಷ್ಟು ವರ್ಷಗಳ ಚೀಟಿಗಳನ್ನು ನಿಂಗರಾಜ ಅಂದೇ ಅಳಿಸಿದ. ಪ್ರತಿ ಸಲ ಒತ್ತುವಾಗಲೂ ಅವನ ತುಟಿ ಅಮ್ಮನ ಹೆಸರು ಹೇಳುತ್ತಿತ್ತು. ಆದರೆ ಜನ ಆಗಲೇ ಓದಿ, ತೆಗೆದಿಟ್ಟುಕೊಂಡು, ಯಾರ್ಯಾರಿಗೋ ಕಳಿಸಿದ್ದನ್ನು ಅಳಿಸುವ ಬಟನ್ ಯಾರ ಹತ್ತಿರವೂ ಇರಲಿಲ್ಲ.

ಮುಂದಿನ ಶುಕ್ರವಾರಕ್ಕೆ ಕಾಯದೆ, ಅಂದು ಸಂಜೆಯೇ ರಾಮಯ್ಯ ಗುಡಿಯ ಮುಂದೆ ನಿಂತು ಜನರಿಗೆ ಹೇಳಿದರು. ಅವರಿಗೆ ಭಾಷಣ ಬರುವುದಿಲ್ಲ.

"ನಿಮ್ಮ ಚೀಟಿಗಳನ್ನ ನಾವು ಕಾಯಲಿಲ್ಲ. ತಪ್ಪು ನಮ್ಮದು. ಚೀಟಿ ಬರೆದಿದ್ದ ಎಲ್ಲರಿಗೂ ಮನೋಜ್ ಮೆಸೇಜ್ ಕಳಿಸ್ತಾನೆ. ನಿಮ್ಮ ಕಷ್ಟ ಹೇಳಿ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡಬೇಡಿ. ಅವರು ಅಮ್ಮನ ಕಡೆಯವರಲ್ಲ. ಇನ್ನು ಬೇರೆಯವರ ಚೀಟಿ ಓದಿದೋರು..." ಇಲ್ಲಿ ಅವರ ದನಿ ನಿಂತಿತು. "ನನ್ನ ಚೀಟೀನೂ ಅದ್ರಲ್ಲಿತ್ತು. ನನಗೆ ಮರೆವು ಶುರುವಾಗಿದೆ. ನಾಳೆ ಡಾಕ್ಟರ ಹತ್ರ ಹೋಗ್ತಿದೀನಿ. ಇದನ್ನ ನಾನೇ ಹೇಳಬೇಕಿತ್ತು, ನನ್ನ ಬಾಯಲ್ಲೇ, ನನಗೆ ಬೇಕಾದಾಗ. ಆ ಅವಕಾಶ ಹೋಯ್ತು. ನಿಮ್ಮಲ್ಲಿ ಎಷ್ಟೋ ಜನಕ್ಕೆ ಹೋಗಿದೆ. ಕೈ ಮುಗೀತೀನಿ."

ಕೆಂಪಕ್ಕ ಫೋನನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಸಂಘಕ್ಕೂ ಒಂದು ಪುಟ ಇರಬಹುದು. ಬಡಾವಣೆಯ ಪಟ್ಟಿ, ಟ್ಯೂಷನ್ ಮಕ್ಕಳ ಹೆಸರು, ರಕ್ತದಾನಿಗಳ ಫೋನು, ಕ್ಲಿನಿಕ್ಕಿನ ಸರದಿ. ಇಂದೇ ಬೇರೆಯವರ ಫೋನಿನಿಂದ ಅದರ ವಿಳಾಸ ಒತ್ತಿ ನೋಡಿ. ಏನೂ ಕೇಳದೆ ತೆರೆದುಕೊಂಡರೆ, ಕಟ್ಟಿಕೊಟ್ಟವರನ್ನು ಕೂರಿಸಿ ಕೇಳಿ: ಲಾಗಿನ್ ಎಲ್ಲಿ? ಅದು ಸರ್ವರಿನಲ್ಲಿದೆಯೋ, ಪುಟದ ಮೇಲೆ ಹೊದಿಸಿದ್ದೋ? ವಿಳಾಸ https ಇದೆಯೋ? ಕೆಲಸ ಮುಗಿದ ವಿವರ ಇನ್ನೂ ಯಾಕೆ ಉಳಿದಿದೆ? ವಿಳಾಸ ಯಾರಿಗೂ ಗೊತ್ತಿಲ್ಲ ಅನ್ನುವ ಉತ್ತರವನ್ನು ಒಪ್ಪಬೇಡಿ. ಯಾರಾದರೂ ಹೆದರಿಸಿ ಆನ್‌ಲೈನಿನಲ್ಲಿ ದುಡ್ಡು ಹಾಕಿಸಿಕೊಂಡರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮತ್ತೆ, ಹೀಗೆ ತೆರೆದ ಪುಟ ಕಣ್ಣಿಗೆ ಬಿದ್ದರೆ ಶಾಂತಲಾ ಮಾಡಿದಂತೆ ಮಾಡಿ. ಫೋನನ್ನು ಮಗುಚಿಡಿ, ಆ ಪುಟದವರಿಗೆ ತಿಳಿಸಿ. ಇನ್ನೊಬ್ಬರು ದೇವರಿಗೆ ಹೇಳಿಕೊಂಡದ್ದು ನಮ್ಮ ಕೈಗೆ ಬಂದರೆ, ಅದನ್ನು ಕಾಯುವುದೂ ಒಂದು ಪೂಜೆ.

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ರಮ್ಯಳ ಬಾಗಿಲಲ್ಲಿ ಕನಕಪುರಕ್ಕೆ ಹೊರಟ ಚೀಲ ಇತ್ತು. ಒಳಗೆ ಸುಮನ್ ಒಬ್ಬನೇ ಆಡುತ್ತಿದ್ದ. ಮೆಟ್ಟಿಲ ಮೇಲೆ ಯಾರೋ ನಿಂತು ನಿಂತು ಹತ್ತುವ ಸದ್ದು ಕೇಳಿತು. ಎರಡು ಮೆಟ್ಟಿಲಿಗೊಮ್ಮೆ ಏದುಸಿರು.

ಅಕ್ಕಯಮ್ಮ ಬಾಗಿಲಿಗೆ ಬಂದು ನಿಂತರು. ಒಂದು ಕೈ ಮಂಡಿಯ ಮೇಲೆ, ಇನ್ನೊಂದು ಕೈಯಲ್ಲಿ ಚಿನ್ನಿ. ಅವರು ಒಂದು ಹೆಜ್ಜೆ ಮುಂದೆ ಬಂದು, ಚೀಲವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಮೊಮ್ಮಗಳನ್ನು ರಮ್ಯಳ ಕೈಗಿಟ್ಟರು.